ದೀಪ ಹಚ್ಚಿದ ಮೇಲೆ ಕೇಳಿದ ಮಜ್ಜಿಗೆ

ಓವನ್ನಿನ ಬಾಗಿಲು ತೆಗೆದರೆ ಮೊದಲು ಬರುವುದು ಬೆಂದ ಗೋಧಿಯ ವಾಸನೆ, ಅದರ ಹಿಂದೆಯೇ ಹುಳಿ ಮಜ್ಜಿಗೆಯದು. ಇವತ್ತೂ ಬಂತು. ಬ್ರೆಡ್ಡನ್ನು ಕಟ್ಟೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ. ಈಗೀಗ ಇಷ್ಟು ಕೆಲಸಕ್ಕೇ ಸುಸ್ತಾಗುತ್ತದೆ. ಈ ವಾಸನೆಗೆ ಪಕ್ಕದ ಮನೆಯ ಅಜ್ಜಿ ನೆನಪಾಗುತ್ತಾರೆ...

ಹುಬ್ಬಳ್ಳಿಯಿಂದ ಈ ಹಿಮದ ದೇಶಕ್ಕೆ ಬಂದು ನಾವು ಎಟೋಬಿಕೋಕ್‌ನ ಈ ಮನೆ ಸೇರಿದಾಗಲೇ ಅವರಿಗೆ ವಯಸ್ಸಾಗಿತ್ತು. ಐರ್ಲೆಂಡಿನವರು, ಒಂಟಿ. ಒಮ್ಮೆ ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಅಂಗಡಿಯ ಬಟರ್‌ಮಿಲ್ಕಿಗೆ ಈ ಹುಳಿ ಎಲ್ಲಿದೆ ಎಂದರು. ಆಮೇಲೆ ಶನಿವಾರ ಬಂತೆಂದರೆ ಗಾಜಿನ ಜಾರ್ ಹಿಡಿದು ಬರುತ್ತಿದ್ದರು. ಅವರ ಕಂದು ಬ್ರೆಡ್ಡಿಗೆ ಈಸ್ಟ್ ಇಲ್ಲ. ಮಜ್ಜಿಗೆಯ ಹುಳಿಗೆ ಅಡುಗೆ ಸೋಡಾ ನೊರೆಯೆದ್ದು ಹಿಟ್ಟು ಉಬ್ಬಬೇಕು, ಅಷ್ಟೇ. ಸಂಜೆಗೆ ಅರ್ಧ ಬ್ರೆಡ್ಡು ನಮ್ಮ ಮನೆಗೆ ಬರುತ್ತಿತ್ತು.

ನನಗೂ ಕಲಿಸಿದರು. ನಾನು ಚಪಾತಿ ಹಿಟ್ಟಿನಂತೆ ನಾದತೊಡಗಿದೆ. "ಅದೇನು ನಿನಗೆ ಬೈದಿದೆಯೇನಯ್ಯಾ?" ಎಂದು ಅವರ ಇಂಗ್ಲಿಷಿನಲ್ಲಿ ಕೇಳಿ ನಕ್ಕರು. ಈ ಹಿಟ್ಟನ್ನು ನಾದಬಾರದು, ಕಲಸಿದರೆ ಸಾಕು. ಬೆಂದ ಮೇಲೆ ತಳಕ್ಕೆ ಬೆರಳಿನಿಂದ ಬಡಿದು ಕೇಳಬೇಕು, ಟೊಳ್ಳು ಸದ್ದು ಬಂದರೆ ಆಯಿತು.

ಒಂದು ಡಿಸೆಂಬರಿನಲ್ಲಿ ಅಜ್ಜಿಯ ಮಗಳು ಅವರನ್ನು ತನ್ನ ಊರಿನ ವೃದ್ಧಾಶ್ರಮಕ್ಕೆ ಕರೆದೊಯ್ಯುವುದೆಂದಾಯಿತು. ಹೊರಡುವ ಹಿಂದಿನ ದಿನ ಶುಕ್ರವಾರ. ಹೆಂಡತಿ ರೆಕ್ಸ್‌ಡೇಲ್‌ನಲ್ಲಿ ಕೆಲಸದ ಶಿಫ್ಟಿನಲ್ಲಿದ್ದಳು. ಕತ್ತಲಾಯಿತೆಂದು ನಾನು ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದೆ. ಅಜ್ಜಿ ಜಾರ್ ಹಿಡಿದು ಬಂದರು. ತಮ್ಮ ಓವನ್ನಿನಲ್ಲಿ ಕೊನೆಯದೊಂದು ಬ್ರೆಡ್ಡು ಮಾಡಿ ಬೆಳಿಗ್ಗೆ ಮಗಳ ಮುಂದಿಡುವ ಆಸೆ ಅವರಿಗೆ.

ದೀಪ ಹಚ್ಚಿದ ಮೇಲೆ, ಅದೂ ಶುಕ್ರವಾರ, ಹಾಲು ಮಜ್ಜಿಗೆ ಹೊರಗೆ ಕೊಟ್ಟರೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾಚಿಕೆಯಾಯಿತು. ಸುಳ್ಳು ಸುಲಭವಾಗಿತ್ತು. "ಮಜ್ಜಿಗೆ ಇಲ್ಲ" ಎಂದೆ. ನನ್ನ ಹಿಂದೆ ಕಟ್ಟೆಯ ಮೇಲೆ ಪಾತ್ರೆ ತುಂಬ ಇತ್ತು. ಅವರು ಅದನ್ನು ನೋಡಿದರು. "ಇರಲಿ ಬಿಡು" ಎಂದು ಖಾಲಿ ಜಾರನ್ನು ಕೋಟಿನೊಳಗೆ ಸೇರಿಸಿಕೊಂಡು, ಹಿಮದ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತ ಹೋದರು.

ಹೆಂಡತಿ ಬಂದು, ನಡೆದದ್ದನ್ನು ಕೇಳಿ ಕೋಟನ್ನೂ ಬಿಚ್ಚದೆ ನಿಂತಳು. "ನಿಮ್ಮವ್ವ ಹೇಳಿದ್ದು ಹುಬ್ಬಳ್ಳಿ ಸಂಜಿಗೆರೀ. ಇಲ್ಲಿ ನಾಕೂವರಿಗೇ ಕತ್ತಲಾಗತೈತಿ. ಆ ಮುದುಕಿ ಮಧ್ಯಾಹ್ನ ಕೇಳ್ಯಾಳ, ಮಧ್ಯಾಹ್ನ."

ಬೆಳಿಗ್ಗೆ ತಂಬಿಗೆ ತುಂಬಿಸಿಕೊಂಡು ಓಡಿದೆ. ಅಜ್ಜಿ ಕಾರಿನಲ್ಲಿ ಕೂತಾಗಿತ್ತು. ಗಾಜು ಇಳಿಸಿ ತಂಬಿಗೆ ನೋಡಿದರು. "ನೀನೇ ಮಾಡು. ನಾದಬೇಡ," ಎಂದರು. ತಂಬಿಗೆ ಹಿಡಿದು ನಿಂತಿದ್ದಂತೆಯೇ ಕಾರು ಹೊರಟಿತು. ಕ್ಷಮೆ ಕೇಳಲು ಆಶ್ರಮಕ್ಕೂ ಹೋಗಲಿಲ್ಲ, ಇವತ್ತು ನಾಳೆ ಎನ್ನುತ್ತಿರುವಾಗಲೇ ಅವರು ತೀರಿಕೊಂಡ ಸುದ್ದಿ ಬಂತು...

ಈಗ ಬ್ರೆಡ್ಡಿನ ತಳಕ್ಕೆ ಬಡಿದರೆ ನನಗೆ ಸದ್ದು ಕೇಳಿಸುವುದಿಲ್ಲ, ಕಿವಿ ಮಂದವಾಗಿದೆ. ಬಡಿದು ಹೆಂಡತಿಯ ಮುಖ ನೋಡುತ್ತೇನೆ.

"ಬೆಂದೈತಿ, ಸಾಕ್ ಬಡಿಯೋದು," ಎನ್ನುತ್ತಾಳೆ.

ಹೊರಗೆ ಆಗಲೇ ಕತ್ತಲಾಗಿದೆ. ದೀಪ ಹಚ್ಚಿಯಾಗಿದೆ. ಪಾತ್ರೆಯಲ್ಲಿ ಮಜ್ಜಿಗೆ ಇನ್ನೂ ಉಳಿದಿದೆ. ಕೇಳಲು ಯಾರೂ ಬರುವುದಿಲ್ಲ.