ಹನಿ ನಿಲ್ಲುವವರೆಗೆ

ಬೆಳಕು ಹರಿಯುವ ಹೊತ್ತು. ಜರ್ಮನಿಯ ನಮ್ಮ ಮ್ಯೂಲ್‌ಬಾಖ್ ಊರಿನ ರೈಲು ಎಂಜಿನ್ ಶೆಡ್ಡಿನ ಬಾಗಿಲಲ್ಲಿ ರೋಸ್ವಿತಾ ಕಿಟ್ಟೆಲ್‌ಮನ್ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಾರೆ. ಗಾಳಿ ನಮ್ಮ ಬೀದಿಯ ಕಡೆಗಿದೆ, ಹೊಗೆಯ ಮಸಿ ಇತ್ತಲೇ ಬರುತ್ತದೆ. ಅವರು ಮನೆಮನೆಗೂ ಹೋಗಿ, ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳಿ ಎಂದು ಹೇಳಿ ಬರುತ್ತಾರೆ. ಏಳಲಾರದ ಮುದುಕಿಯರ ಬಟ್ಟೆಯನ್ನು ತಾವೇ ಮಡಚಿ ಹೊಸ್ತಿಲಲ್ಲಿ ಇಡುತ್ತಾರೆ. ಆಮೇಲೆಯೇ ಎಂಜಿನ್ನಿನ ಒಲೆಗೆ ಕಲ್ಲಿದ್ದಲು.

ಈ ಉಗಿ ಎಂಜಿನ್ ನಮ್ಮ ಸ್ಯಾಕ್ಸನಿ ಸೀಮೆಯ ‘ನಾಲ್ಕು ಕೆ’ ಜಾತಿಯದು. ಮುತ್ತಜ್ಜಂದಿರ ಕಾಲದಲ್ಲಿ ಕೆಮ್ನಿಟ್ಸ್ ನಗರದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಹೊಳೆಯ ತಿರುವಿನಲ್ಲಿ ಇದರ ಮುಂದಿನ ಗಾಲಿಗಳು ಒಂದು ಕಡೆ, ಹಿಂದಿನವು ಇನ್ನೊಂದು ಕಡೆ ಹೊರಳುತ್ತವೆ. ಬಾಲ್ಯದಿಂದ ನೋಡುತ್ತಿದ್ದೇನೆ, ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಷ್ಟು ಭಾರದ ಕಬ್ಬಿಣಕ್ಕೆ ಕಣಿವೆಯೊಂದಿಗೆ ಹೀಗೆ ಬಳುಕುವುದನ್ನು ಯಾರು ಕಲಿಸಿದರೋ!

ನೂಲಿನ ಗಿರಣಿ ಮುಚ್ಚಿದ ವರ್ಷ ರೋಸ್ವಿತಾ ಇಲ್ಲಿಗೆ ಕಸ ಗುಡಿಸಲು ಬಂದರು. ಬೆಂಕಿ ಹಾಕುತ್ತಿದ್ದವರಿಗೆ ಉಬ್ಬಸ ಹೆಚ್ಚಾದಾಗ ಸಲಿಕೆ ಇವರ ಕೈಗೆ ಬಂತು. ಮೊಣಕೈವರೆಗೂ ಸುಟ್ಟ ಕಲೆಗಳಿವೆ. ಪ್ರವಾಸಿಗರು ಫೋಟೊ ತೆಗೆಯುವುದು ಮಾತ್ರ ಚಾಲಕನದು.

ಇವತ್ತು ಬಾಯ್ಲರ್ ತಪಾಸಣೆ, ಬೀದಿಯವರೊಂದಿಗೆ ನಾನೂ ಬಂದು ನಿಂತಿದ್ದೇನೆ. ಅಧಿಕಾರಿ ಒಪ್ಪದಿದ್ದರೆ ಎಂಜಿನ್ ತಣ್ಣಗಾಗಿ, ನಿಲ್ದಾಣದ ಮುಂದೆ ಬೊಂಬೆಯಂತೆ ನಿಲ್ಲುತ್ತದೆ. ಚಾಲಕ ಡೆಟ್ಲೆಫ್ ತಾಳಲಾರದೆ ಒಲೆಯೊಳಗೆ ಇಣುಕುತ್ತಾನೆ.

“ಬೆಂಕಿ ಹಾಕ್ತಿದೀಯೋ, ಮೊಟ್ಟೆಗೆ ಕಾವು ಕೊಡ್ತಿದೀಯೋ ರೋಸ್ವಿತಾ?”

“ಮರಿ ಬೇಕು ಅಂದ್ರೆ ಕಾವೇ ಕೊಡ್ಬೇಕಪ್ಪ. ಅವಸರ ಮಾಡಿದ್ರೆ ಅಳ್ತಾಳೆ ಇವಳು.”

ರಿವೆಟ್ ಮೊಳೆ ಹೊಡೆದು ಜೋಡಿಸಿದ ಬಾಯ್ಲರ್ ತಗಡುಗಳ ಸಂದಿನಿಂದ ನೀರು ಜಿನುಗುವುದಕ್ಕೆ ಶೆಡ್ಡಿನವರು ‘ಅಳು’ ಎನ್ನುತ್ತಾರೆ. ಅಧಿಕಾರಿ ಟಾರ್ಚ್ ಹಿಡಿದು ಬಗ್ಗುತ್ತಿದ್ದಂತೆಯೇ ರಿವೆಟ್ಟಿನ ಸಾಲಿನಡಿ ಒಂದು ಹನಿ ಇಣುಕುತ್ತದೆ. ಹಿಂದೆಯೇ ಇನ್ನೊಂದು.

ಡೆಟ್ಲೆಫ್ ಸುತ್ತಿಗೆಗೆ ಕೈ ಹಾಕುತ್ತಾನೆ, ಬಡಿದು ಸಂದು ಮುಚ್ಚುವ ಆತುರ. ರೋಸ್ವಿತಾ ಅವನ ಮಣಿಕಟ್ಟು ಹಿಡಿಯುತ್ತಾರೆ. ಆ ಮೂಲೆಗೆ ಇನ್ನೂ ಬಿಸಿ ತಲುಪಿಲ್ಲ, ಕಬ್ಬಿಣ ಹಿಗ್ಗಿದರೆ ತಾನೇ ಮುಚ್ಚಿಕೊಳ್ಳಬಹುದು, ಸ್ವಲ್ಪ ಕಾಯುತ್ತೀರಾ ಎಂದು ಅಧಿಕಾರಿಯನ್ನು ಕೇಳುತ್ತಾರೆ. ಅಧಿಕಾರಿ ಕಾಯಬೇಕೆಂದೇನಿಲ್ಲ. ಆದರೂ ಕೋಟು ಕಳಚಿ, ಬಕೆಟ್ ಬೋರಲು ಹಾಕಿ ಕುಳಿತುಕೊಳ್ಳುತ್ತಾರೆ.

ರೋಸ್ವಿತಾ ಕೆಂಡವನ್ನು ಆ ಮೂಲೆಗೆ ಸರಿಸಿ, ಅರ್ಧ ಸಲಿಕೆ ಕಲ್ಲಿದ್ದಲು ಉದುರಿಸಿ, ಒಲೆಗೆ ಗಾಳಿ ಬಿಡುವ ಕಿಂಡಿಯನ್ನು ಕಿರಿದು ಮಾಡುತ್ತಾರೆ. ಅಷ್ಟೇ. ಹನಿ ಬೀಳುತ್ತದೆ. ಆಮೇಲೆ ತಡವಾಗಿ ಇನ್ನೊಂದು. ಮುಂದಿನದು ಅಲ್ಲೇ ನೇತಾಡಿ, ಬೀಳದೆಯೇ ಆರುತ್ತದೆ. ಒತ್ತಡ ಪೂರ್ತಿ ಏರಿದ ಮೇಲೆ ಅಧಿಕಾರಿ ಅಲ್ಲಿ ಬಿಳಿ ಬಟ್ಟೆ ಒತ್ತಿ ನೋಡುತ್ತಾರೆ. ಬಟ್ಟೆ ಒದ್ದೆಯಾಗುವುದಿಲ್ಲ. ನಮ್ಮ ಕಣಿವೆಯ ಎಂಜಿನ್ನಿಗೆ ಮತ್ತೆ ಓಡುವ ಮುದ್ರೆ ಬೀಳುತ್ತದೆ.

ಎಲ್ಲರೂ ಡೆಟ್ಲೆಫ್‌ನ ಕೈ ಕುಲುಕುತ್ತಾರೆ. ಅಧಿಕಾರಿ ಮಾತ್ರ ಮಸಿಯ ಕೈಯೊಂದನ್ನು ಹುಡುಕಿಕೊಂಡು ಬರುತ್ತಾರೆ. ನಿಮಗಾಗಿ ಏನಾದರೂ ಆಸೆ ಇದೆಯೇ ಎಂದು ನಾನು ರೋಸ್ವಿತಾರನ್ನು ಕೇಳುತ್ತೇನೆ. ಅವರು ಒಲೆಯ ಬೂದಿ ಬಾಚಲು ನಿಧಾನವಾಗಿ ಮಂಡಿಯೂರುತ್ತಾರೆ.

“ಇವಳಿಗೇನೋ ಮುದ್ರೆ ಬಿತ್ತು. ನನ್ನ ಮಂಡಿಗೂ ಯಾರಾದ್ರೂ ಒಂದು ಒತ್ತಿಕೊಟ್ರೆ ಸಾಕಿತ್ತು ಕಣಮ್ಮ.”