ಕಪ್ಪು ಪರದೆಯ ಮುಂದೆ ಶಮೀಮ್ ಆಪಾ

ಕಮಾಂಡ್ ಟೈಪ್ ಮಾಡಿದ ಕೂಡಲೇ ಶಮೀಮ್ ಆಪಾ ಎಂಟರ್ ಒತ್ತುತ್ತಿರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪು ಪರದೆಯ ಮೇಲಿನ ಸಾಲನ್ನು ತುಟಿಯಲ್ಲೇ ಅಕ್ಷರ ಅಕ್ಷರವಾಗಿ ಓದುತ್ತಿದ್ದರು. “ಅವಸರ ಮಾಡಬ್ಯಾಡ ಬಸಣ್ಣಾ. ನಾವು ಬರದದ್ದಷ್ಟೇ ಮಾಡ್ತದ ಇದು. ನಮ್ಮ ಮನಸ್ಸಿನಾಗಿಂದು ಇದಕ್ಕೇನು ಗೊತ್ತು?” ಎಂದು ನನಗೆ ಹೇಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕಲಬುರಗಿಯ ಜಗತ್ ವೃತ್ತದ ಹತ್ತಿರದ ಗಲ್ಲಿಯೊಂದರಲ್ಲಿ ಸಣ್ಣ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ನಾನು ಔಷಧ ವಿಭಾಗದಲ್ಲಿದ್ದೆ, ಅಕ್ಕ ಎಂಬಂತೆ ನಾವೆಲ್ಲ ಆಪಾ ಎನ್ನುತ್ತಿದ್ದ ಶಮೀಮ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಣ್ಣಿನ ಕಾಲದಲ್ಲಿ ಚೀಲದ ತುಂಬ ಕೆಂಪು ಬಾಳೆ ತಂದು ನರ್ಸುಗಳಿಗೆ ಹಂಚುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಡೇಟಾಬೇಸ್ ತೆರೆಯಲೇ ಇಲ್ಲ. ಯಾರಿಗೆ ಯಾವ ಔಷಧ ಎಷ್ಟು ಹೋಗಿದೆ ಎಂಬುದೆಲ್ಲ ಅದರಲ್ಲೇ ಇತ್ತು. ಅದು ಸಿಗುವವರೆಗೆ ಯಾರಿಗೂ ಔಷಧ ಏರಿಸುವಂತಿಲ್ಲ ಎಂದರು ಡಾಕ್ಟರು. ಆಪಾ ಗಾಬರಿಯಾಗಲಿಲ್ಲ. “ಹಳೇ ನಕಲು ಅದ. ಅದರ ಮುಂದ ಏನೇನು ಬರದೇವಿ, ಎಲ್ಲಾ ಲಾಗ್ ಫೈಲಿನಾಗ ಸಾಲಾಗಿ ಕುಂತದ. ಅದನ್ನ ಈ ನಕಲಿನ ಮ್ಯಾಲ ಮತ್ತ ನಡಸಿದರಾತು” ಎಂದರು. ಸಂಜೆಯೊಳಗೆ ಎಲ್ಲರ ಲೆಕ್ಕವೂ ತಿರುಗಿ ಬಂತು.

ಮುಂದೆ ಅವರ ತಮ್ಮ ಯೂಸುಫನೇ ನಮ್ಮಲ್ಲಿ ರೋಗಿಯಾಗಿ ಸೇರಿದ. ರಕ್ತದ ಕ್ಯಾನ್ಸರ್. ಆ ಮಳೆಗಾಲ ದಾಟಲಿಲ್ಲ. ಅವನು ತೀರಿಕೊಂಡ ನಮೂದನ್ನು ಆಪಾ ಬೇರೆಯವರಿಗೆ ಬಿಡದೆ ತಾವೇ ಟೈಪ್ ಮಾಡಿದರು.

ಕೆಲವೇ ವಾರಗಳಲ್ಲಿ ಮತ್ತೆ ಡೇಟಾಬೇಸ್ ಕೆಟ್ಟಿತು. ಇತ್ತೀಚಿನ ನಕಲುಗಳು ಓದಲು ಬರಲಿಲ್ಲ. ಉಳಿದದ್ದು ಯೂಸುಫ್ ಇನ್ನೂ ಇದ್ದಾಗಿನದು. ಸರಿಯಿದೆಯೇ ಎಂದು ನೋಡಲು ಆಪಾ ಅದನ್ನು ತೆರೆದರು. ಅವನ ಹೆಸರು, ಮುಂದಿನ ಸಲ ಬರಬೇಕಾದ ತಾರೀಖು.

“ಇದರಾಗ ಇನ್ನೂ ಅದಾನ ನೋಡು, ಬಸಣ್ಣಾ.”

“ಆಪಾ, ನೀವು ಏಳ್ರೀ. ಬ್ಯಾರೆಯವರನ್ನ ಕರಸೋಣು.”

“ಅವರು ಬರೂ ತನಕ ಹೊರಗ ಔಷಧಕ್ಕ ಕುಂತವರು ಏನು ಮಾಡಬೇಕು?”

ಕಮಾಂಡ್ ಟೈಪ್ ಮಾಡಿದರು, ಓದಿದರು, ಎಂಟರ್ ಒತ್ತಿದರು. ಲಾಗ್ ಫೈಲಿನ ಸಾಲುಗಳು ಒಂದೊಂದಾಗಿ ಆ ನಕಲಿನ ಮೇಲೆ ಓಡತೊಡಗಿದವು. ಅವರು ಒಮ್ಮೆಯೂ ಪರದೆಯಿಂದ ಕಣ್ಣು ಕದಲಿಸಲಿಲ್ಲ. ಎಲ್ಲ ಮುಗಿದ ಮೇಲೆ ತಮ್ಮನ ಹೆಸರನ್ನು ತೆರೆದು, ತೀರಿಕೊಂಡ ನಮೂದು ತಿರುಗಿ ಬಂದಿದೆಯೆಂದು ನೋಡಿ ಮುಚ್ಚಿದರು. ಡಾಕ್ಟರಿಗೆ “ಸರಿಯಾಗ್ಯದ್ರೀ, ಶುರು ಮಾಡ್ರಿ” ಎಂದು ಹೇಳಿಕಳಿಸಿದರು.

ಮಾರನೆಯ ದಿನದಿಂದ ಆಪಾ ಕೆಲಸಕ್ಕೆ ಬರಲಿಲ್ಲ. ಕರೆತರಲು ನಾನೇ ಕಮಲಾಪುರಕ್ಕೆ ಹೋದೆ. ಅಂಗಳದಲ್ಲಿ ಕೂರಿಸಿ ಚಹಾ ಕೊಟ್ಟರು. ಆಸ್ಪತ್ರೆಯವರೆಲ್ಲ ದಾರಿ ಕಾಯುತ್ತಿದ್ದಾರೆ ಎಂದೆ.

“ಅವನ್ನ ಒಮ್ಮೆ ಅಲ್ಲಾ ಕರಕೊಂಡ. ಇನ್ನೊಮ್ಮೆ ನನ್ನ ಕೈಲೇ ಕಳಿಸಿದೆ. ಮತ್ತ ಕೆಟ್ಟರ, ಮತ್ತ ನಾನೇ ಕಳಸಬೇಕಲ್ಲೋ? ಆಗಂಗಿಲ್ಲ ನನ್ನಿಂದ.”

ನಾನು ಒತ್ತಾಯ ಮಾಡಲಿಲ್ಲ. ರಸ್ತೆಯವರೆಗೂ ಜೊತೆಗೆ ಬಂದರು. ಕಲಬುರಗಿ ಬಸ್ಸಿಗೆ ಅವರೇ ಕೈ ಮಾಡಿ ನಿಲ್ಲಿಸಿದರು. ಕಿಟಕಿಯ ಪಕ್ಕ ಜಾಗ ಸಿಕ್ಕಿ ನಾನು ಹೊರಗೆ ನೋಡುವಷ್ಟರಲ್ಲಿ, ಅವರು ಸೆರಗು ಹೊದ್ದು ಮನೆಯ ಕಡೆ ತಿರುಗಿದ್ದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.