ಗುರುಶಾಂತ ಮಾಸ್ತರರ ಹುಣಸೆಬೀಜ

ಮಕ್ಕಳಿಗೆ ಆಟ ಆಡಿಸುವವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಆಟ ಮುಗಿದ ಮೇಲೂ ಆ ಮಕ್ಕಳ ಮೈ ನೆಟ್ಟಗಿರಬೇಕೆಂದು ಹತ್ತು ವರ್ಷ ಮುಂದಿನದನ್ನು ನೋಡಿ ಕಾಯುವವರು ಬೆರಳೆಣಿಕೆಯಷ್ಟು. ಅಂಥ ಬೆರಳುಗಳಲ್ಲಿ ಮೊದಲನೆಯದಾಗಿ ಮಡಚಬೇಕಾದದ್ದು ಶ್ರೀ ಗುರುಶಾಂತ ತೋಳನೂರೆ ಮಾಸ್ತರರ ಹೆಸರಿಗೆ. ಸೊಲ್ಲಾಪುರ ಜಿಲ್ಲೆಯ ಶಾಲಾ ಬೇಸ್‌ಬಾಲ್‌ನಲ್ಲಿ ಇವತ್ತು ಯಾವ ಮೈದಾನಕ್ಕೆ ಹೋದರೂ ಅವರ ಕೈಯಲ್ಲಿ ಬೆಳೆದವನೊಬ್ಬ ಸಿಕ್ಕೇ ಸಿಗುತ್ತಾನೆ. ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಮೂವತ್ಮೂರು ವರ್ಷ ಕ್ರೀಡಾ ಶಿಕ್ಷಕರಾಗಿ ದುಡಿದು ಅವರು ಈ ಮೇ ತಿಂಗಳ ಕೊನೆಗೆ ನಿವೃತ್ತರಾದರು. ಅವರ ಕುರಿತು ಬರೆಯುವ ಯೋಗ್ಯತೆ ಹತ್ತನೇ ಇಯತ್ತೆಯನ್ನೂ ಮುಟ್ಟದೆ ಸಾಲಿ ಬಿಟ್ಟ ಕೈಗೆ ಎಲ್ಲಿಂದ ಬರಬೇಕು? ಆದರೂ ಬರೆಯುವುದೇ. ತಪ್ಪಿದ್ದರೆ ಮಾಸ್ತರರೇ ತಿದ್ದಲಿ, ತಿದ್ದುವುದು ಅವರಿಗೆ ಹೊಸದೇನಲ್ಲ.

ತೊಂಬತ್ಮೂರರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಸಾಲಿಯಲ್ಲಿದ್ದದ್ದು ಒಂದು ಹರಿದ ವಾಲಿಬಾಲ್ ಬಲೆ ಮತ್ತು ಒಂದು ಸೀಟಿ. ಮೂರು ವರ್ಷಗಳ ನಂತರ ಸೊಲ್ಲಾಪುರದ ಒಂದು ಶಿಬಿರದಲ್ಲಿ ಹತ್ತು ದಿನ ಬೇಸ್‌ಬಾಲ್ ಕಲಿತು, ಎರಡು ದಾಂಡು, ನಾಲ್ಕು ಚರ್ಮದ ಕೈಗವಸು, ಒಂದು ಡಜನ್ ಚೆಂಡು ಹೊತ್ತುಕೊಂಡು ಅವರು ಎಸ್‌ಟಿ ಬಸ್ಸಿನಿಂದ ಇಳಿದರು. ಊರು ನಕ್ಕಿತು. "ಮಾಸ್ತರ, ಇದು ಕ್ರಿಕೆಟ್ಟೋ, ಚಿನ್ನಿದಾಂಡೋ?" ಎಂದು ಬಾಜಾರದಲ್ಲಿ ಕೇಳಿದವರಿಗೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು: "ಎರಡೂ ಬರದಿದ್ದವರು ಆಡೋ ಆಟರಿ. ನೀವೂ ಬರ್ರಿ."

ಈ ಆಟ ಕಾಣದವರಿಗಾಗಿ ಒಂದು ಮಾತು: ಬೇಸ್‌ಬಾಲ್‌ನ ಜೀವವೆಲ್ಲ ಪಿಚರ್‌ನ ತೋಳಿನಲ್ಲಿದೆ. ದಾಂಡು ಹಿಡಿದವನಿಗೆ ಚೆಂಡು ಎಸೆಯುವವನೇ ಪಿಚರ್. ಹೊಡೆದವನು ಬೇಸುಗಳನ್ನು ಸುತ್ತಿ ಹೊರಟ ಮನೆಗೇ ಮರಳಿದರೆ ಒಂದು ಓಟ, ಮೂರು ಸಲ ಹೊಡೆತ ತಪ್ಪಿದರೆ ಔಟ್. ಪಂದ್ಯ ಪೂರ್ತಿ ಅವನೇ ಎಸೆಯಬಲ್ಲ. ಗೆಲುವಿನ ಆಸೆಗೆ ಅವನ ಕೈಯಿಂದ ನೂರು, ನೂರೈವತ್ತು ಸಲ ಎಸೆಯಿಸಿದವರೂ ಉಂಟು. ದೊಡ್ಡವರ ತೋಳು ಅದನ್ನು ತಡೆದೀತು. ಹದಿಮೂರು ವರ್ಷದ ಹುಡುಗನ ಮೊಣಕೈಯ ಎಲುಬು ಇನ್ನೂ ಬಲಿತಿರುವುದಿಲ್ಲ.

ಇದನ್ನು ಮಾಸ್ತರರು ಶಿಬಿರದಲ್ಲೇ ಕಲಿತಿದ್ದರು. ಅದಕ್ಕೇ ಎಣಿಸುತ್ತಿದ್ದರು. ಬಲಗಡೆಯ ಕಿಸೆಯಲ್ಲಿ ಅರವತ್ತು ಹುಣಸೆಬೀಜ. ಹುಡುಗ ಒಂದು ಸಲ ಎಸೆದರೆ ಒಂದು ಬೀಜ ಎಡಗಡೆಯ ಕಿಸೆಗೆ. ಬಲಗಿಸೆ ಬರಿದಾಯಿತೋ, ಹುಡುಗ ದೇವಲೋಕದಿಂದ ಇಳಿದು ಬಂದವನಾಗಿದ್ದರೂ ಚೆಂಡು ಕೆಳಗಿಟ್ಟು ನಡೆಯಬೇಕು.

ಇಷ್ಟು ಜಾಗ್ರತೆ ಮಾಡಿಯೂ ಅವರು ತಪ್ಪಿದರು. ಆ ತಪ್ಪನ್ನು ಬರೆಯಬಾರದೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಹೇಳಿದ್ದಾರೆ. ಆದರೆ ಬರೆಯಲೆಂದು ಮಾಸ್ತರರೇ ಹೇಳಿದ್ದಾರೆ. ಆದ್ದರಿಂದ ಬರೆಯಲಾಗುತ್ತಿದೆ.

ಎರಡು ಸಾವಿರದ ನಾಲ್ಕರ ಜನವರಿ. ಎಂಟನೇ ಇಯತ್ತೆಯ ಸಾಯಬಣ್ಣ ಎಂಬ ಹುಡುಗ ಆಗ ಜಿಲ್ಲೆಯಲ್ಲೇ ಎಲ್ಲರಿಗಿಂತ ಜೋರಾಗಿ ಎಸೆಯುತ್ತಿದ್ದ. ಅವನ ಚೆಂಡು ಹಿಡಿದವನ ಅಂಗೈ ಸಂಜೆತನಕ ಕೆಂಪಗಿರುತ್ತಿತ್ತು. ಒಂದು ದಿನ ನಲವತ್ತನೆಯ ಎಸೆತಕ್ಕೆ ಅವನ ಮೊಣಕೈಯಲ್ಲಿ ಒಣಕಡ್ಡಿ ಮುರಿದ ಸದ್ದಾಯಿತು. ಸೊಲ್ಲಾಪುರದ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ದಿನಕ್ಕೆ ಎಷ್ಟು ಎಸಸ್ತೀರಿ?" ಎಂದು ಕೇಳಿದರು. ಮಾಸ್ತರರು ಕಿಸೆಯ ಬೀಜ ತೆಗೆದು ಅಂಗೈಯಲ್ಲಿ ತೋರಿಸಿ, "ಅರವತ್ತರಿ. ಒಂದೂ ಹೆಚ್ಚಿಲ್ಲ" ಎಂದರು. ಆಗ ನೋವಿನಲ್ಲೇ ಸಾಯಬಣ್ಣ ಹೇಳಿದ:

"ಚೆಂಡು ಅರವತ್ತರಿ ಸರ. ಕಲ್ಲು ಎಣಿಸಿಲ್ಲ."

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ಬಿಳಿಜೋಳ ಹಾಲಗಾಳಿಗೆ ಬರುತ್ತದೆ, ಎಳೆಕಾಳಿನಲ್ಲಿ ಹಾಲು ತುಂಬುತ್ತದೆ, ಹಕ್ಕಿಗಳ ಹಿಂಡು ಮುಗಿಬೀಳುತ್ತದೆ, ಹೊಲದ ನಡುವೆ ಅಟ್ಟಣಿ ಕಟ್ಟಿ ಅದರ ಮೇಲೆ ನಿಂತು ಕವಣೆ ಬೀಸಿ ಕಲ್ಲೆಸೆಯುವುದು ಮನೆಯ ಹುಡುಗನ ಕೆಲಸ. ಸಾಯಬಣ್ಣ ದಿನಾ ಬೆಳಿಗ್ಗೆ ಎರಡು ತಾಸು ಕವಣೆ ಬೀಸಿ, ಆಮೇಲೆ ಸಾಲಿಗೆ ಬಂದು ಅರವತ್ತು ಚೆಂಡು ಎಸೆಯುತ್ತಿದ್ದ. ಅದೇ ತೋಳು, ಅದೇ ಮೊಣಕೈ. ಜೋಳದ ಹೊಲದಲ್ಲೇ ಹುಟ್ಟಿ ಬೆಳೆದ ಮಾಸ್ತರರಿಗೆ, ಚಿಕ್ಕಂದಿನಲ್ಲಿ ತಾವೂ ಕವಣೆ ಬೀಸಿದ್ದ ಮಾಸ್ತರರಿಗೆ, ಕಲ್ಲನ್ನೂ ಎಣಿಸಬೇಕೆಂಬುದು ಹೊಳೆಯಲೇ ಇಲ್ಲ. ಹೊಲದ ಕೆಲಸ ಕೆಲಸವೇ ಅಲ್ಲ, ಉಸಿರಾಡಿದಂತೆ ಎಂದು ತಿಳಿದ ಊರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಸಾಯಬಣ್ಣನ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಮಾಸ್ತರರು ತಮ್ಮೊಳಗೇ ಆಣೆ ಹಾಕಿಕೊಂಡರು: ನನ್ನ ಕೈಕೆಳಗೆ ಇನ್ನೊಂದು ಕೈ ಕೆಡಬಾರದು.

ಆ ಆಣೆಯಿಂದ ಹುಟ್ಟಿದ ಪದ್ಧತಿಯನ್ನು ಇವತ್ತು ಪುಣೆಯಿಂದ ಬಂದವರು ವಹಿಯಲ್ಲಿ ಬರೆದುಕೊಂಡು ಹೋಗುತ್ತಾರೆ! ನಾಲ್ಕನೇ ಇಯತ್ತೆಯತನಕ ಗಟ್ಟಿ ಚೆಂಡು ಮುಟ್ಟುವಂತಿಲ್ಲ. ಹಳೆಯ ಕಾಲುಚೀಲ ಸುತ್ತಿದ ಬಟ್ಟೆಚೆಂಡು, ಲಗೋರಿ, ಖೋಖೋ. ಎಡಗೈಯಲ್ಲೂ ಎಸೆಯಬೇಕು, ಬಲಗೈಯಲ್ಲೂ ಎಸೆಯಬೇಕು. ಏಳನೆಯತನಕ ಯಾರಿಗೂ ಕಾಯಂ ಜಾಗವಿಲ್ಲ. ಇವತ್ತು ಹಿಂದೆ ನಿಂತು ಹಿಡಿದವನು ನಾಳೆ ದೂರದ ಬದುವಿನ ಹತ್ತಿರ ನಿಲ್ಲುತ್ತಾನೆ. ಎಂಟನೆಯಲ್ಲಿ ಪಿಚರ್, ಅದೂ ನೇರ ಎಸೆತ ಮಾತ್ರ; ಚೆಂಡನ್ನು ತಿರುಗಿಸುವ ವಿದ್ಯೆ ಹತ್ತನೆಗೆ. ಸಾಮಾನಿನ ಕೋಣೆಯ ಬಾಗಿಲ ಮೇಲೆ ಪ್ರತಿಯೊಬ್ಬರ ಎತ್ತರದ ಗೆರೆ. ಯಾವನ ಗೆರೆ ಮೂರು ತಿಂಗಳಲ್ಲಿ ಎರಡು ಬೆರಳು ಏರಿತೋ, "ಇವನ ಎಲುಬು ಓಡಾಕತ್ತೈತಿ, ಇವನ ಬೀಜ ಕಡಿಮಿ ಮಾಡ್ರಿ" ಎಂದು ಆಜ್ಞೆ. ಎಲ್ಲದಕ್ಕಿಂತ ಮುಖ್ಯವಾಗಿ, ದಿನಾ ಆಟಕ್ಕೆ ಮೊದಲು ಸಾಲಿನಲ್ಲಿ ನಿಲ್ಲಿಸಿ ಎರಡು ಪ್ರಶ್ನೆ. ಒಂದು, "ಕವಣಿ ಮುಟ್ಟೀರೇನು?" ಇನ್ನೊಂದು ಪ್ರಶ್ನೆಯೇ ಅಲ್ಲ, "ಕೈ ಚಾಚ್ರಿ." ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದೆ ಚಾಚಬೇಕು. ಮಾಸ್ತರರು ಒಂದು ತುದಿಯಲ್ಲಿ ಬಗ್ಗಿ ಕಣ್ಣು ಕಿರಿದು ಮಾಡಿ, ಬಡಿಗ ಹಲಗೆ ನೋಡಿದಂತೆ, ಒಂದೊಂದೇ ತೋಳಿನ ನೇರ ನೋಡುತ್ತಿದ್ದರು.

ಈಗ ಬರುವುದು ಎರಡು ಸಾವಿರದ ಹದಿನೇಳರ ಜಿಲ್ಲಾ ಅಂತಿಮ ಪಂದ್ಯ. ನೆನೆದರೆ ಈಗಲೂ ಎದೆ ಡಬಡಬ ಎನ್ನುತ್ತದೆ!

ಒಂಬತ್ತನೇ ಇಯತ್ತೆಯ ಯೋಗಿರಾಜ ನಮ್ಮ ಪಿಚರ್. ಮೂರನೇ ಇಯತ್ತೆಯಿಂದ ಮಾಸ್ತರರ ಕಣ್ಣೆದುರು ಬೆಳೆದವನು. ವಯಸ್ಸಿಗೆ ತಕ್ಕಂತೆ ಅಂದು ಅವನಿಗೆ ಎಪ್ಪತ್ತೈದು ಬೀಜ. ಸೊಲ್ಲಾಪುರದ ಬಸ್ಸು ಹತ್ತುವಾಗ ಮಾಸ್ತರರು ಕೇಳಿದ್ದರು, "ಕವಣಿ ಮುಟ್ಟೀಯೇನಲೇ?" "ಇಲ್ರಿ ಸರ" ಎಂದಿದ್ದ. ಕೊನೆಯ ಸರದಿ ಬಂತು. ನಾವು ಐದು, ಅವರು ನಾಲ್ಕು. ಅವರಲ್ಲಿ ಇಬ್ಬರು ಔಟ್. ಇನ್ನೊಬ್ಬ ಔಟಾದರೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಪ್ಪು ಅಕ್ಕಲಕೋಟೆಗೆ! ಆದರೆ ಎರಡನೆಯ, ಮೂರನೆಯ ಬೇಸಿನ ಮೇಲೆ ಅವರ ಓಟಗಾರರು ತುದಿಗಾಲಲ್ಲಿ ನಿಂತಿದ್ದಾರೆ. ಯೋಗಿರಾಜ ಅರವತ್ತೊಂದು ಎಸೆದಿದ್ದ. ಬಲಗಿಸೆಯಲ್ಲಿ ಹದಿನಾಲ್ಕು ಬೀಜ ಉಳಿದಿದ್ದವು. ಸಾಲಿಯ ಸಂಸ್ಥೆಯ ಕಾರ್ಯದರ್ಶಿಗಳು ಆಗಲೇ ಹಾರ ತರಿಸಿದ್ದರು.

ಅದೇ ಹೊತ್ತಿಗೆ ಯೋಗಿರಾಜನ ತಾಯಿ ಗಂಗುಬಾಯಿ ತಲೆಯ ಮೇಲೆ ಗಂಟು ಹೊತ್ತು ಮೈದಾನಕ್ಕೆ ಬಂದರು. ಗಂಟಿನಲ್ಲಿ ಇಡೀ ತಂಡಕ್ಕೆ ಸೀತನಿ, ಸುಟ್ಟ ಎಳೆಜೋಳ. ಮಾಸ್ತರರ ಪಕ್ಕದಲ್ಲಿ ಗಂಟು ಇಳಿಸಿ ಅಭಿಮಾನದಿಂದ ಹೇಳಿದರು:

"ಬಸ್ಸು ತಪ್ಪಿ ತಡಾ ಆತ್ರಿ ಮಾಸ್ತರ. ಇಷ್ಟರೇ ಕಾಳು ಉಳದಿದ್ದು ಯೋಗ್ಯಾನಿಂದ ನೋಡ್ರಿ. ಪಂದ್ಯಾ ಐತಿ, ಮಲ್ಕೊಳ್ಳೋ ಅಂದ್ರ ಕೇಳವಲ್ಲ! ನಸುಕಿನ್ಯಾಗ ಅಟ್ಟಣಿ ಏರಿ ಎರಡ ಬುಟ್ಟಿ ಕಲ್ಲು ಖಾಲಿ ಮಾಡೇ ಬಂದಾನ!"

ಮಾಸ್ತರರ ಮುಖ ಸುಣ್ಣದಂತಾಯಿತು. ಅವರ ಕಿವಿಯಲ್ಲಿ ಒಣಕಡ್ಡಿ ಮುರಿದ ಸದ್ದು ಮತ್ತೆ ಕೇಳಿಸಿತೆಂದು ಅವರು ಬಹಳ ವರ್ಷಗಳ ಮೇಲೆ ಹೇಳಿದರು. ಕಪ್ಪು ಮೂರು ಎಸೆತ ದೂರದಲ್ಲಿತ್ತು. ಆ ಮೂರು ಎಸೆತದಲ್ಲಿ ಕೈ ಉಳಿದರೂ ಉಳಿಯಬಹುದಿತ್ತು. ಅವರು ಬಲಗಿಸೆಗೆ ಕೈ ಹಾಕಿದರು, ಹದಿನಾಲ್ಕೂ ಬೀಜ ಹಿಡಿದು ತೆಗೆದರು, ಎಡಗಿಸೆಗೆ ಸುರಿದರು, ಪಂದ್ಯ ನಿಲ್ಲಿಸಿ ಮೈದಾನದೊಳಗೆ ನಡೆದರು.

"ಚೆಂಡು ಕೊಡು."

"ಇನ್ನ ಹದಿನಾಲ್ಕ ಅದಾವರಿ ಸರ!"

"ಎರಡ ಬುಟ್ಟಿ ಮುಂಜಾನೇ ಆಗ್ಯಾವ. ಕೊಡು."

"ನನ್ನ ಕೈ ನನಗ ಗೊತ್ತೈತ್ರಿ! ಒಬ್ಬನರಿ ಸರ, ಒಬ್ಬನ ಔಟ್ ಮಾಡಿ ಹೋಕ್ಕೀನಿ!"

"ಹಾಲಗಾಳಿನ್ಯಾಗ ಯಾರರೇ ಜ್ವಾಳಾ ಕೊಯ್ತಾರೇನೋ ಹುಚ್ಚಾ? ಕೊಡು."

ಆಚೆಯಿಂದ ಕಾರ್ಯದರ್ಶಿಗಳ ಕೂಗು: "ವೇಡ ಲಾಗಲಾ ಕಾಯ ಸರ? ಹುಚ್ಚ ಹಿಡದೈತೇನ್ರಿ ನಿಮಗ?" ಗಂಗುಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಿದ್ದರು. ಯೋಗಿರಾಜ ಚೆಂಡನ್ನು ಮಾಸ್ತರರ ಕಾಲ ಹತ್ತಿರ ಬೀಸಿ ಒಗೆದು ಹೊರಗೆ ನಡೆದ. ಅವನ ಜಾಗಕ್ಕೆ ಬಂದ ಸಿದ್ಧರಾಮನ ಎರಡನೆಯ ಎಸೆತವನ್ನೇ ಎದುರಾಳಿ ದೂರದ ಬೇಲಿಗೆ ಹೊಡೆದ. ಓಟಗಾರರಿಬ್ಬರೂ ಮನೆ ಸೇರಿದರು. ಐದಕ್ಕೆ ಆರು. ಸೋತೆವು.

ಆಮೇಲೆ ಏನಾಯಿತೆಂಬುದನ್ನು ಮರೆತವರಿಗೆ ನೆನಪು ಮಾಡಿಕೊಡಬೇಕು. ಎಂಟು ದಿನದೊಳಗೆ ಸಂಸ್ಥೆಯವರು ಬೇಸ್‌ಬಾಲ್ ತಂಡ ಮುಚ್ಚಿದರು. ಸಾಲಿಯ ಮೈದಾನವನ್ನು ಕ್ರಿಕೆಟ್ ಕಲಿಸುವವರಿಗೆ ಕೊಟ್ಟರು. ಮಾಸ್ತರರನ್ನು ಪರೀಕ್ಷೆಯ ಕಾಗದ ಹಂಚುವ ಕೆಲಸಕ್ಕೆ ಕೂಡಿಸಿದರು. ಇಪ್ಪತ್ತೊಂದು ವರ್ಷದ ಬೆವರಿಗೆ ಒಂದು ಸಾಲಿನ ನೋಟೀಸು! ಆ ನೋಟೀಸಿಗೆ ಸಹಿ ಮಾಡಿದ ಮಹನೀಯರ ಶುಭಸಂದೇಶವೂ ಈ ಗ್ರಂಥದ ಮೊದಲ ಪುಟಗಳಲ್ಲಿ ಅಚ್ಚಾಗುತ್ತದಂತೆ. ಆಗಲಿ. ಕಾಗದಕ್ಕೆ ನಾಚಿಕೆ ಇರುವುದಿಲ್ಲ.

ಮಾಸ್ತರರು ಮಾತ್ರ ಯಾರನ್ನೂ ಬೈಯಲಿಲ್ಲ. ಬೈದದ್ದು ಗಂಗುಬಾಯಿ. ಒಂದು ಸಂಜೆ ಸಾಲಿಯ ಗೇಟಿನೆದುರು ನಿಂತು, ಒಳಗಿನವರಿಗೆಲ್ಲ ಕೇಳುವಂತೆ, "ಗ್ರೌಂಡ ಕಸಗೊಂಡ್ರ ಕಸಗೊಳ್ಳಲಿ ಬಿಡ್ರಿ ಮಾಸ್ತರ. ಶಿವರಾತ್ರಿಗೆ ನಮ್ಮ ಹೊಲ ಖಾಲಿ ಆಕ್ಕೈತಿ. ಮಿರಗದ ಮಳಿ ಬರೂತನಾ ಅಲ್ಲಿ ಆಡಸ್ರಿ, ಯಾವ ಸಾಹೇಬ ಬಂದು ಕೇಳ್ತಾನ ನೋಡೂಣು!" ಎಂದರು. ಹೀಗೆ ಕೊಯ್ದ ಜೋಳದ ಕೂಳೆಯ ನಡುವೆ, ಕಪ್ಪು ಮಣ್ಣಿನ ಮೇಲೆ, ಗೋಣಿಚೀಲದ ನಾಲ್ಕು ಬೇಸ್ ಹಾಸಿ ಆಟ ಮತ್ತೆ ಶುರುವಾಯಿತು.

ಯೋಗಿರಾಜ ಮೂರು ವಾರ ಮುಖ ತೋರಿಸಲಿಲ್ಲ. ತನ್ನದೇ ಹೊಲದಲ್ಲಿ ಆಟ ನಡೆದರೂ ಬದುವಿನ ಆಚೆ ನಿಂತು ನೋಡಿ ಹೋಗುತ್ತಿದ್ದ. ಮಾಸ್ತರರು ಕರೆಯಲಿಲ್ಲ. ಒಂದು ದಿನ ಎಲ್ಲರನ್ನೂ ಸಾಲು ನಿಲ್ಲಿಸಿ "ಕೈ ಚಾಚ್ರಿ" ಎಂದಾಗ ಅವನೂ ಬಂದು ಸಾಲಿನ ತುದಿಗೆ ನಿಂತ. ಆ ಬಿಸಿಲಲ್ಲೂ ತುಂಬುತೋಳಿನ ಅಂಗಿ. ಮಾಸ್ತರರು ತೋಳು ಏರಿಸಿ ನೋಡಿದರು. ಮೊಣಕೈಯ ಒಳಬದಿಗೆ ನಿಂಬೆಹಣ್ಣಿನಷ್ಟು ಬಾವು.

"ಯಾವಾಗಿಂದೋ?"

"ಪಂದ್ಯಾದ ಮುಂಚೆ ಎಂಟ ದಿನದಿಂದರಿ." ತಲೆ ಎತ್ತಲಿಲ್ಲ. "ಹೇಳಿದ್ರ ಆಡಸೂದಿಲ್ಲಂತ ಹೇಳಲಿಲ್ಲರಿ."

ಅದೇ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಇನ್ನೊಂದ ನಾಲ್ಕ ಸಲ ಎಸದಿದ್ರ ಹೋಗಿರತಿತ್ತು" ಎಂದರಂತೆ. ಆರು ವಾರ ಎಸೆತ ಬಂದ್, ಎಡಗೈಯಲ್ಲೇ ಆಟ. ಮೂರನೇ ಇಯತ್ತೆಯಲ್ಲಿ ಕಲಿತ ಎಡಗೈ ಆಗ ಉಪಯೋಗಕ್ಕೆ ಬಂತು. ಮರುವರ್ಷ ಜೋಳ ಹಾಲಗಾಳಿಗೆ ಬಂದಾಗ ಮಾಸ್ತರರು ಹೊಸ ಪದ್ಧತಿ ಹೂಡಿದರು: ಯಾರು ಪಿಚರೋ ಅವರ ಹೊಲಕ್ಕೆ ಉಳಿದವರು ಪಾಳಿಯ ಮೇಲೆ ಹೋಗಿ ಎಣ್ಣೆಡಬ್ಬಿ ಬಾರಿಸಬೇಕು. ಬೆಳಿಗ್ಗೆ ಆರಕ್ಕೆ ಹತ್ತು ಹುಡುಗರು ಡಬ್ಬಿ ಬಡಿಯುತ್ತ ಸಾಲುಗಳ ನಡುವೆ ಓಡುವ ಆ ಗದ್ದಲ! ಹಕ್ಕಿಯಷ್ಟೇ ಅಲ್ಲ, ಪಕ್ಕದ ಹೊಲದ ಎಮ್ಮೆಗಳೂ ದಿಕ್ಕಾಪಾಲು. ಆ ವರ್ಷ ಸಂಸ್ಥೆಯ ಹೆಸರಿಲ್ಲದೆ, ಗಂಗುಬಾಯಿ ಹೊಲಿದುಕೊಟ್ಟ ಅಂಗಿ ತೊಟ್ಟು ಬೇರೆ ಕ್ಲಬ್ಬಿನ ಹೆಸರಲ್ಲಿ ಆಡಿದ ತಂಡ ಜಿಲ್ಲೆ ಗೆದ್ದಿತು. ಹತ್ತೊಂಬತ್ತರ ವಯಸ್ಸಿನಲ್ಲಿ ಯೋಗಿರಾಜ ರಾಜ್ಯದ ತಂಡದಲ್ಲಿ ಎಸೆದ; ಇವತ್ತಿಗೂ ಎಸೆಯುತ್ತಿದ್ದಾನೆ.

ಮೇ ಮೂವತ್ತೊಂದರ ಬೆಳಿಗ್ಗೆ ಸಾಲಿಯ ಸಭಾಗೃಹದಲ್ಲಿ ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಆಯಿತು. ನಿಜವಾದ ಸತ್ಕಾರ ನಡೆದದ್ದು ಸಂಜೆ, ಗಂಗುಬಾಯಿಯವರ ಹೊಲದಲ್ಲಿ. ಮೂವತ್ತು ವರ್ಷಗಳಲ್ಲಿ ಅವರ ಕೈಕೆಳಗೆ ಆಡಿದ ಹುಡುಗರು ಬಂದಿದ್ದರು, ಕೆಲವರ ತಲೆ ನರೆತಿತ್ತು. ಯಾರೂ ಹೇಳದೆ ಸಾಲಾಗಿ ನಿಂತರು. ಯಾರೂ ಹೇಳದೆ ಅಂಗೈ ಮೇಲೆ ಮಾಡಿ ಕೈ ಚಾಚಿದರು. ನೂರಕ್ಕೂ ಮೇಲೆ ಜೋಡಿ ತೋಳು, ಈ ಬದುವಿನಿಂದ ಆ ಬದುವಿನತನಕ ಹಲಗೆ ಹಾಸಿದಂತೆ ನೇರ. ಒಂದೇ ಒಂದು ಬಲಗೈ ಮಾತ್ರ ಅರ್ಧಕ್ಕೆ ಬಾಗಿ ನಿಂತಿತ್ತು.

ಮಾಸ್ತರರು ಸಾಲಿನ ತುದಿಯಿಂದ ನೋಡಲಿಲ್ಲ. ನೇರ ಆ ಕೈಯ ಹತ್ತಿರ ಹೋಗಿ, ಎರಡೂ ಕೈಯಿಂದ ಅದನ್ನು ಹಿಡಿದು ನಿಂತರು. ಇವತ್ತು ಇದೇ ಜಿಲ್ಲೆಯ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಲ್ಲುವ ಸಾಯಬಣ್ಣ, ಮುಷ್ಟಿ ಕಟ್ಟಿ ಆ ಬಾಗಿದ ತೋಳನ್ನು ಎತ್ತಿ ತೋರಿಸಿ ನಕ್ಕ.

"ಔಟ್ ಅನ್ನಾಕ ಕೈ ನೆಟ್ಟಗ ಇರಬೇಕಾಗೂದಿಲ್ಲರಿ ಸರ. ಉಳದವ್ರದು ನೋಡ್ರಿ ಹೋಗ್ರಿ, ಕೈ ಸೋಲಾಕತ್ತಾವ ಪಾಪ."

ಮಾಸ್ತರರು ನೋಡುತ್ತ ಹೋದರು. ಒಂದೊಂದೇ ತೋಳು, ಬಗ್ಗಿ, ಕಣ್ಣು ಕಿರಿದು ಮಾಡಿ, ಕೊನೆಯವನತನಕ.

ಸರ, ನಿವೃತ್ತಿ ಸಂಸ್ಥೆಯ ಕಾಗದದಲ್ಲಿ. ಹೊಲದಲ್ಲಿ ಮೂರನೇ ಇಯತ್ತೆಯ ಹನ್ನೊಂದು ಮಕ್ಕಳು ಬಟ್ಟೆಚೆಂಡು ಹಿಡಿದು ಕಾದಿದ್ದಾರೆ, ಅವರು ಹತ್ತನೆಗೆ ಬರಲು ಇನ್ನೂ ಏಳು ವರ್ಷ ಬೇಕು. ಅವರನ್ನೂ, ಅವರ ಹಿಂದಿನವರನ್ನೂ ದಡ ಮುಟ್ಟಿಸುವಷ್ಟು ಆಯುಷ್ಯ, ಬಗ್ಗಿ ನೋಡುವಷ್ಟು ಸೊಂಟದ ಬಲ ನಿಮಗಿರಲಿ. ನಿಮ್ಮ ಬಲಗಿಸೆ ಎಂದೂ ಬರಿದಾಗದಿರಲಿ.